ಮಾಣಿ, ಆ 45,000 ನಾನು ಕೊಡುವುದಿಲ್ಲ

ಕಾರವಾರ
ರವಿವಾರ, 7 ಡಿಸೆಂಬರ್ 2025

ಚಿ. ಮಹೇಶನಿಗೆ ಮಾವನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಚಳಿಗೆ ಸ್ವಲ್ಪ ಏರಿದೆ, ಅಷ್ಟೆ. ಶುಕ್ರವಾರ ರಾತ್ರಿ ನೀನು ಕಳಿಸಿದ್ದನ್ನು ಮೂರು ಸಲ ಓದಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ ಮಾವ, ಹೂಂ ಮಾವ" ಅಂತ ಹೇಳಿ ಇಟ್ಟುಬಿಡುತ್ತೀಯ. ಕಾಗದವಾದರೆ ದಿಂಬಿನಡಿ ಇಟ್ಟುಕೊಂಡು ಇನ್ನೊಮ್ಮೆ ಓದಬಹುದು. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಫೈಲು ಹೊತ್ತವನಿಗೆ ಬೇರೆ ರೂಢಿಯೂ ಇಲ್ಲ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಜೂಜಿನಲ್ಲಿ ಹೋದ ಹಣ ವಾಪಸ್ ತರಿಸುವ ಏಜೆಂಟನಿಗೆ ಮುಂಗಡ ಕಟ್ಟಲು ನೀನು ಕೇಳಿದ ಆ 45,000 ರೂಪಾಯಿ ನಾನು ಕೊಡುವುದಿಲ್ಲ. ನಿನ್ನ ಹತ್ತಿರ ಇದ್ದರೂ ಕೊಡಬೇಡ.

ಆನ್‌ಲೈನ್ ಕ್ಯಾಸಿನೋದಲ್ಲಿ ಕಳೆದ 3,80,000ವನ್ನು ಹದಿನೈದು ದಿನದಲ್ಲಿ ವಾಪಸ್ ತರಿಸಿಕೊಡುತ್ತೇನೆ ಅನ್ನುವ ಆ ಟೆಲಿಗ್ರಾಮಿನ ಏಜೆಂಟ್ ಇದ್ದಾನಲ್ಲ, ಅವನ ಬಗ್ಗೆ ನೀನೇ ಬರೆದಿದ್ದೀಯ: "ನಾನು ಹೇಳುವ ಮೊದಲೇ ಅವರಿಗೆ ನನ್ನ ಕೇಸಿನ ಎಲ್ಲ ಡೀಟೇಲ್ ಗೊತ್ತಿತ್ತು ಮಾವ, ಅಸಲಿ ಪಾರ್ಟಿ." ಗೊತ್ತಿರದೇ ಏನು! ಒಂದೋ ಅವನು ದೋಚಿದವರ ಪೈಕಿಯೇ ಒಬ್ಬ, ಇಲ್ಲವೇ ಅವರಿಂದ ಸೋತವರ ಪಟ್ಟಿ ಕೊಂಡವನು. ಒಮ್ಮೆ ಕೊಟ್ಟವನು ಇನ್ನೊಮ್ಮೆಯೂ ಕೊಡುತ್ತಾನೆ ಅಂತ ಆ ಪಟ್ಟಿಗೆ ಬೆಲೆ. ಇವತ್ತು 45,000 ಹಾಕಿದರೆ ನಾಳೆ ಟ್ಯಾಕ್ಸ್ ಕ್ಲಿಯರೆನ್ಸ್ ಅಂತ ಇನ್ನೊಂದು ಮೊತ್ತ, ನಾಡಿದ್ದು ರಿಸರ್ವ್ ಬ್ಯಾಂಕಿನ ಮುದ್ರೆ ಹೊಡೆದ ಪತ್ರ. ಪೊಲೀಸರಾಗಲಿ ಬ್ಯಾಂಕಾಗಲಿ ಕೋರ್ಟಾಗಲಿ, ಕಳೆದ ಹಣ ಹುಡುಕಿಕೊಡುವುದಕ್ಕೆ ಯುಪಿಐನಲ್ಲಿ ಮುಂಗಡ ಕೇಳುವುದನ್ನು ನಾನಂತೂ ಕಂಡಿಲ್ಲ.

ಇನ್ನು ನಿನ್ನ ಎರಡನೇ ಪ್ರಶ್ನೆ. ಸೈಟಿನ ಬುಡದಲ್ಲಿ ಲೈಸೆನ್ಸ್ ನಂಬರ್ ಹಾಕಿದ್ದಾರೆ, ಅಂದಮೇಲೆ ಲೀಗಲ್ ಅಲ್ಲವೇ, ಕೇಸು ಹಾಕಬಹುದಲ್ಲವೇ ಅಂತ. ನೋಡಿದೆ. ಅದು ಕುರಸಾವ್ ಎಂಬ ಕೆರಿಬಿಯನ್ ದ್ವೀಪದ ಲೈಸೆನ್ಸು. ಇಡೀ ದ್ವೀಪ ನಮ್ಮ ಜಿಲ್ಲೆಯ ಒಂದು ಮೂಲೆಯಷ್ಟಿದೆ. ಅಲ್ಲಿನ ಚೀಟಿ ಇಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ಬಹಳ ಕಾಲ ಆಟಗಳನ್ನು ಎರಡು ಬುಟ್ಟಿಗೆ ಹಾಕುತ್ತಿದ್ದರು, ಕೌಶಲದ ಆಟ, ಅದೃಷ್ಟದ ಆಟ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಕೌಶಲದ ಬುಟ್ಟಿಗೆ ಹಾಕಿತು. ಅದೇ ಗೆರೆ ಹಿಡಿದುಕೊಂಡು ಮುಂದೆ ಆ್ಯಪ್‌ನವರು ಅಂಗಡಿ ತೆರೆದರು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆಟಗಳನ್ನೆಲ್ಲ ನಿಷೇಧಿಸಲು ಹೊರಟಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಈಗ ಕೇಂದ್ರವೇ ಕಾಯ್ದೆ ಮಾಡಿದೆ. ಈ ವರ್ಷ ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವನ್ನು ನಡೆಸಿದವನಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ. ಜಾಹೀರಾತು ಮಾಡಿದವನಿಗೆ ಎರಡು ವರ್ಷ, 50 ಲಕ್ಷ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿವೆ. ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ. ಅದೊಂದು ನಿನಗೆ ಸಮಾಧಾನ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಹೆದರುವ ಕಾರಣವಿಲ್ಲ.

ಗೋವಾದಲ್ಲಿ ಕ್ಯಾಸಿನೋ ನಡೆಯುತ್ತದಲ್ಲ ಅನ್ನುತ್ತೀಯ. ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಗೋವಾ, ಇಲ್ಲಿನ ಎಷ್ಟೋ ಹುಡುಗರು ಶನಿವಾರ ಸಂಜೆ ಹೋಗಿ ಸೋಮವಾರ ಬೆಳಿಗ್ಗೆ ಖಾಲಿ ಜೇಬಿನಲ್ಲಿ ಬರುವುದನ್ನು ನೋಡಿದ್ದೇನೆ. ಮಾಂಡವಿ ನದಿಯ ಹಡಗುಗಳಿಗೆ ಆ ರಾಜ್ಯ ತನ್ನ 1976ರ ಕಾಯ್ದೆಗೆ ತಿದ್ದುಪಡಿ ಮಾಡಿ ಜಾಗ ಕೊಟ್ಟಿದೆ. ಅದು ಆ ಹಡಗಿನ ಮೇಜಿಗೆ ಕೊಟ್ಟ ಪರವಾನಗಿ, ನಿನ್ನ ಮೊಬೈಲಿಗೆ ಕೊಟ್ಟದ್ದಲ್ಲ. 2020ರಲ್ಲಿ ಗೋವಾ ಸರಕಾರ ತನ್ನ ಜನರನ್ನೇ ಅಲ್ಲಿ ಒಳಗೆ ಬಿಡಬಾರದು ಎಂದು ನಿಯಮ ಮಾಡಿತು. ಅಂಗಡಿ ಇಟ್ಟವನು ಮನೆಮಕ್ಕಳಿಗೆ ಆ ತಿಂಡಿ ಕೊಡುವುದಿಲ್ಲ ಅಂದರೆ ತಿಂಡಿ ಎಂಥದ್ದು ಅಂತ ಗೊತ್ತಾಗುತ್ತದೆ.

ದಾವೆ ಹಾಕಿ ವಸೂಲು ಮಾಡುವ ವಿಚಾರ. 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ ಕಲಂ 30 ಓದು. ಪಣದ ಕರಾರು ಶೂನ್ಯ. ಪಣದಲ್ಲಿ ಗೆದ್ದದ್ದಕ್ಕೆ ದಾವೆ ನಡೆಯುವುದಿಲ್ಲ. ಆಡಿ ಸೋತು ಕೊಟ್ಟದ್ದನ್ನು ಕೋರ್ಟು ತಿರುಗಿ ಕೊಡಿಸುತ್ತದೆ ಎಂಬ ಆಸೆಯನ್ನೂ ಇಟ್ಟುಕೊಳ್ಳಬೇಡ. ನಾನು ಬೆಂಚ್ ಕ್ಲಾರ್ಕ್ ಆಗಿದ್ದಾಗ ಒಬ್ಬ ಕಕ್ಷಿದಾರ ಇಸ್ಪೀಟಿನ ಬಾಕಿಯನ್ನು ಕೈಗಡ ಅಂತ ಬರೆಸಿಕೊಂಡು ಬಂದಿದ್ದ. ಪಾಟೀಸವಾಲಿನ ಮೂರನೇ ಪ್ರಶ್ನೆಗೇ ಅವನ ಬಾಯಿಂದ ಎಲೆಗಳ ಹೆಸರು ಹೊರಬಿತ್ತು.

ನೀನು ಕಳಿಸಿದ ಸ್ಟೇಟ್‌ಮೆಂಟನ್ನು ಪ್ರಿಂಟ್ ತೆಗೆಸಿ, ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನು ಹಿಡಿದು ಕೂತೆ. ರಾತ್ರಿ 1.40ಕ್ಕೆ 2,000. 2.05ಕ್ಕೆ 5,000. 2.11ಕ್ಕೆ 5,000. 2.13ಕ್ಕೆ 10,000. ಎರಡು ನಿಮಿಷದಲ್ಲಿ ಮಾಣಿ! ನಿನ್ನ ಅಪ್ಪ ಹತ್ತು ಸಾವಿರದ ಚೆಕ್ಕಿಗೆ ಸಹಿ ಹಾಕುವ ಮೊದಲು ಒಂದು ಎಲೆಯಡಿಕೆಯ ಕವಳ ಹಾಕಿ ಮುಗಿಸುತ್ತಿದ್ದ.

ಇನ್ನೊಂದು ಕಣ್ಣಿಗೆ ಬಿತ್ತು. ಹಣ ಹೋದದ್ದು ಒಂದು ಕಂಪನಿಗಲ್ಲ. ಒಮ್ಮೆ ತರಕಾರಿ ವ್ಯಾಪಾರದ ಹೆಸರು, ಒಮ್ಮೆ ಮೊಬೈಲ್ ಅಂಗಡಿ, ಒಮ್ಮೆ ಯಾರೋ ಹೆಣ್ಣುಮಗಳ ಉಳಿತಾಯ ಖಾತೆ. ಇವೆಲ್ಲ ಬಾಡಿಗೆ ಖಾತೆಗಳು. ನೀನು ಗೆದ್ದೆ ಅಂತ ಬಂದ 12,500 ಕೂಡ ಇಂಥದ್ದೇ ಒಂದು ಖಾತೆಯಿಂದ ಬಂದಿದೆ. ಅದು ಇನ್ನೊಬ್ಬನನ್ನು ಮೋಸ ಮಾಡಿ ತೆಗೆದ ದುಡ್ಡಾಗಿದ್ದರೆ, ಬೇರೆ ರಾಜ್ಯದ ಪೊಲೀಸರು ಬರೆದ ಪತ್ರಕ್ಕೆ ನಿನ್ನ ಸಂಬಳದ ಖಾತೆಯೇ ಬಂದ್ ಆಗಬಹುದು. ಖಾತೆ ಬಾಡಿಗೆಗೆ ಕೊಡು, ತಿಂಗಳಿಗೆ ಇಷ್ಟು ಅಂತ ಟೆಲಿಗ್ರಾಮಿನಲ್ಲಿ ಯಾರಾದರೂ ಕೇಳಿದರೆ ಮಾತ್ರ, ದೇವರಾಣೆ, ಉತ್ತರವನ್ನೂ ಕೊಡಬೇಡ. ಅಲ್ಲಿಂದ ಮುಂದೆ ನೀನು ಮೋಸ ಹೋದವನಲ್ಲ, ಆರೋಪಿ.

"ಡಬಲ್ ಮಾಡುತ್ತಾ ಹೋದರೆ ಒಂದಲ್ಲ ಒಂದು ಸಲ ಬಂದೇ ಬರುತ್ತದೆ, ಲೆಕ್ಕ ಸರಿ ಇದೆ" ಅಂತ ಬರೆದಿದ್ದೀಯ. ಲೆಕ್ಕ ನಾನೂ ಹಾಕಿದೆ. 500ರಿಂದ ಶುರುಮಾಡಿ ಎಂಟು ಸಲ ಸೋತರೆ ಹೋದದ್ದು 1,27,500. ಒಂಬತ್ತನೆಯದಕ್ಕೆ 1,28,000 ಹಾಕಬೇಕು. ಅದು ಗೆದ್ದರೆ ಒಟ್ಟು ಲಾಭ ಎಷ್ಟು ಹೇಳು? ಅದೇ 500. ನೀನು ಆಡಿದ ಆ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ, ಸರಿಯಾದ ಮನೆ ಹಿಡಿದವನಿಗೆ ಕೊಡುವುದು 35 ಪಟ್ಟು. ಯಾರೂ ಮೋಸ ಮಾಡದಿದ್ದರೂ ನೂರಕ್ಕೆ 2.70 ರೂಪಾಯಿ ಅಂಗಡಿಯವನದು. 10,000 ಬೋನಸ್ ಕೊಟ್ಟೆವು, 30 ಪಟ್ಟು ಆಡಿದ ಮೇಲೆ ತೆಗೆದುಕೋ ಅಂದರಲ್ಲ, ಮೂರು ಲಕ್ಷದ ಆಟಕ್ಕೆ ಸರಾಸರಿ 8,100 ಅಲ್ಲೇ ಕರಗುತ್ತದೆ. ಇದು ಪ್ರಾಮಾಣಿಕ ಚಕ್ರದ ಮಾತು. ನಿನ್ನ ಪರದೆಯ ಮೇಲೆ ತಿರುಗಿದ ಚಕ್ರವನ್ನು ಯಾರು ತಿರುಗಿಸಿದರೋ ಯಾರು ನೋಡಿದ್ದಾರೆ.

ಧರ್ಮರಾಯನ ಕತೆ ಹೇಳುವುದಿಲ್ಲ. ನಮ್ಮ ಮನೆಯಂಗಳದ ತಾಳಮದ್ದಳೆಯಲ್ಲಿ ನೀನೇ ಅದನ್ನು ಹತ್ತು ಸಲ ಕೇಳಿದ್ದೀಯ. ನನ್ನದೇ ಒಂದು ಹೇಳುತ್ತೇನೆ. ಇದು ನಿನ್ನ ಅತ್ತೆಗೂ ಗೊತ್ತಿಲ್ಲ.

ನಾನು ಪಿಯುಸಿಯಲ್ಲಿದ್ದೆ. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ. ಮನೆಗೊಂದು ಮೆಟ್ಟುಗತ್ತಿ, ತಂಗಿಗೆ ಬಳೆ ತರಲು ಅಪ್ಪಯ್ಯ 40 ರೂಪಾಯಿ ಕೊಟ್ಟು ಕಳಿಸಿದ್ದ. ತಂಗಿ ಅಂದರೆ ನಿನ್ನ ಆಯಿ. ಆಗ ಅವಳಿಗೆ ಒಂಬತ್ತು ವರ್ಷ. ಬಿಡಕಿಬೈಲಿನಲ್ಲಿ ದೇವಿಗೆ ಕೈಮುಗಿದು ಪೇಟೆಯ ಕಡೆ ತಿರುಗಿದರೆ ಗ್ಯಾಸ್‌ಲೈಟಿನ ಕೆಳಗೆ ಗುಡಗುಡಿ ಜೂಜು. ಚಿತ್ರ ಬರೆದ ಬಟ್ಟೆ, ಡಬ್ಬಿಯಲ್ಲಿ ದಾಳ. ಮೊದಲು ನಾಲ್ಕು ರೂಪಾಯಿ ಗೆದ್ದೆ. ಆಮೇಲೆ ಆ ನಾಲ್ಕರ ಜೊತೆ ಕೈಯ ಹನ್ನೊಂದು ರೂಪಾಯಿಯೂ ಹೋಯಿತು. ಆಗಲೇ ಎದ್ದಿದ್ದರೆ ಜೇಬಿನಲ್ಲಿ 29 ಇತ್ತು, ಕತ್ತಿಗೂ ಸಾಕಿತ್ತು, ಬಳೆಗೂ ಸಾಕಿತ್ತು. ನನಗೆ ಆಗ ಗೆಲ್ಲುವ ಆಸೆಯೇ ಇರಲಿಲ್ಲ ನೋಡು, ಆ ಹನ್ನೊಂದು ವಾಪಸ್ ಬಂದರೆ ಸಾಕು ಅಂತ ಕೂತೆ. ಬಸ್ಸಿನ ದುಡ್ಡೂ ಉಳಿಯಲಿಲ್ಲ. ನಡೆದುಕೊಂಡು ಬಂದೆ. ನಿನ್ನ ಆಯಿ ಜಗುಲಿಯ ಮೇಲೆ ಲಾಟೀನು ಇಟ್ಟುಕೊಂಡು ಕೂತಿದ್ದಳು. ಬಳೆ ಹಾಕಿಸಿಕೊಳ್ಳಲು ಕೈ ತೊಳೆದಿದ್ದಳಂತೆ.

ಜೇಬು ಕತ್ತರಿಸಿದರು ಅಂದೆ. ಎಲ್ಲರೂ ನಂಬಿದರು. ಇವತ್ತಿಗೂ ಜಾತ್ರೆಯ ಮಾತು ಬಂದಾಗೆಲ್ಲ ನಿನ್ನ ಆಯಿ "ಪಾಪ, ಅಣ್ಣನ ಜೇಬು ಹೊಡೆದಿದ್ದರು" ಅಂತ ಹೇಳುತ್ತಾಳೆ. ನಾನು ಎದ್ದು ನೀರು ಕುಡಿಯಲು ಒಳಗೆ ಹೋಗುತ್ತೇನೆ.

ಈಗ ಮಾಡಬೇಕಾದ್ದು. ಈ ಕಾಗದ ಕೈಸೇರಿದ ದಿನವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ದಾಖಲಿಸು. ಹಳೆಯ ಹಣ ಆ ಖಾತೆಗಳನ್ನೆಲ್ಲ ದಾಟಿ ಎಂದೋ ಹೋಗಿರುತ್ತದೆ, ಅದರ ಮೇಲೆ ಕಣ್ಣಿಡಬೇಡ. ಆದರೆ ಕಳೆದ ವಾರ ವಿತ್‌ಡ್ರಾ ಆಗಬೇಕಾದರೆ ಕಟ್ಟು ಅಂತ ಹೇಳಿ ಕಟ್ಟಿಸಿಕೊಂಡರಲ್ಲ 18,000, ಅದು ಸೋತದ್ದಲ್ಲ, ನೇರ ವಂಚನೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 318ಕ್ಕೆ ಬರುವಂಥದ್ದು. ದೂರಿನಲ್ಲಿ ಅದನ್ನೂ ಏಜೆಂಟನ ನಂಬರನ್ನೂ ಮೊದಲು ಬರೆ. ಸ್ಕ್ರೀನ್‌ಶಾಟ್, ಪ್ರತಿ ಪಾವತಿಗೂ ಬರುವ ಯುಟಿಆರ್ ನಂಬರ್ ಸಮೇತ ಕೊಡು. ಚಾಟ್ ಅಳಿಸಬೇಡ, ನಾಚಿಕೆಯಾದರೂ.

ನಿನ್ನ ರೂಮಿನ ಹುಡುಗ "ಬ್ಯಾಂಕಿಗೆ ಹೋಗಿ ಇದು ನಾನು ಮಾಡಿದ್ದೇ ಅಲ್ಲ ಅನ್ನು, ದುಡ್ಡು ಕೊಡುತ್ತಾರೆ" ಅಂದನಂತೆ. ರಿಸರ್ವ್ ಬ್ಯಾಂಕು 2017ರಲ್ಲಿ ಸುತ್ತೋಲೆ ಹೊರಡಿಸಿತ್ತು, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆ ಇಲ್ಲ ಎಂದು. ಆದರೆ ಅದು ನಿನಗೆ ತಿಳಿಯದೆ ಬೇರೆಯವರು ತೆಗೆದ ಹಣಕ್ಕೆ. ಪಿನ್ ಒತ್ತಿದ್ದು ನಿನ್ನ ಬೆರಳು. ಸುಳ್ಳು ಬರೆದುಕೊಟ್ಟರೆ ನಿಜವಾದ 18,000ದ ದೂರನ್ನೂ ಯಾರೂ ನಂಬುವುದಿಲ್ಲ.

ರೂಮಿನ ಹುಡುಗನಿಂದ ತಂದ 60,000ವನ್ನು ನಾನು ತೀರಿಸುತ್ತೇನೆ. ಅವನ ಖಾತೆಗೆ ನೇರ ಹಾಕುತ್ತೇನೆ, ನಿನ್ನ ಕೈಗಲ್ಲ. ಬೇಸರ ಮಾಡಿಕೊಳ್ಳಬೇಡ. ಯುಪಿಐ ಮಿತಿಯನ್ನು ದಿನಕ್ಕೆ ಒಂದು ಸಾವಿರಕ್ಕೆ ಇಳಿಸು. ಸಂಬಳ ಬಂದ ದಿನವೇ ಮನೆಖರ್ಚಿನದು ಆಯಿಯ ಖಾತೆಗೆ ಹೋಗಲಿ. ನಂತರ ವರ್ಷಕ್ಕಿಷ್ಟು ಅಂತ ನನಗೆ ವಾಪಸ್ ಕೊಡು, ಬಡ್ಡಿ ಬೇಡ.

ರಾತ್ರಿ ಎರಡು ಗಂಟೆಗೆ ಕೈ ತಾನಾಗಿಯೇ ಫೋನಿಗೆ ಹೋಗುತ್ತದೆ ಅಂತ ಬರೆದಿದ್ದೀಯ. ನಿನ್ನ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಸಾಲು ಅದೊಂದೇ, 3,80,000 ಅಲ್ಲ. ಈ ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಇಟ್ಟಿದೆ. 14416 ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೀನಿರುವ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ, ಮೊಬೈಲಿನ ಗೀಳಿಗೆಂದೇ ಅಲ್ಲಿ 'ಶಟ್' ಎಂಬ ಕ್ಲಿನಿಕ್ ನಡೆಸುತ್ತಾರೆ. ಜ್ವರಕ್ಕೆ ಹೋದ ಹಾಗೆ ಹೋಗಿ ಬಾ. ಜೀವವೇ ಬೇಡ ಅನ್ನಿಸುವ ಗಳಿಗೆ ಬಂದರೆ ಹೊತ್ತು ನೋಡದೆ ನನಗೆ ಫೋನ್ ಮಾಡು. ನಾನು ಹೇಗೂ ನಾಲ್ಕಕ್ಕೆ ಏಳುವವನು, ಎರಡಕ್ಕೆ ಎದ್ದರೆ ಏನೂ ಆಗುವುದಿಲ್ಲ.

ಊರಿನಲ್ಲಿ ಅಡಿಕೆಯ ಕೊನೆಕೊಯ್ಲು ಶುರುವಾಗಿದೆ. ಮೊನ್ನೆ ಹೋದಾಗ ನಿನ್ನ ಆಯಿ ರಾತ್ರಿ ಹತ್ತರ ತನಕ ಬಲ್ಬಿನ ಕೆಳಗೆ ಅಡಿಕೆ ಸುಲಿಯುತ್ತಿದ್ದಳು. "ಮಾಣಿ ಈ ಸಲ ದುಡ್ಡು ಕಳಿಸಲಿಲ್ಲ, ಆಫೀಸಿನಲ್ಲಿ ಏನೋ ತೊಂದರೆ ಇರಬೇಕು" ಅಂದಳು. ನಾನು ಏನೂ ಹೇಳಲಿಲ್ಲ. ಹೇಳಬೇಕಾದವನು ನೀನು.

ಬರುವ ಶುಕ್ರವಾರ ಸಂಜೆ ಪಂಚಗಂಗಾ ರೈಲು ಹತ್ತು. ಶನಿವಾರ ಬೆಳಿಗ್ಗೆ ನಾನು ಸ್ಟೇಷನ್ನಿನಲ್ಲಿರುತ್ತೇನೆ. ಊಟ ಮುಗಿಸಿ ಇಬ್ಬರೂ ಘಟ್ಟ ಹತ್ತಿ ಊರಿಗೆ ಹೋಗೋಣ. ನೀನು ಆಯಿಯ ಎದುರು ಕೂತು ನಿನ್ನದು ಹೇಳು. ನೀನು ಮುಗಿಸಿದ ಮೇಲೆ ನಾನು ಬಳೆಯದು ಹೇಳುತ್ತೇನೆ.

ಇತಿ,
ನಿನ್ನ ಮಾವ