ಹಳೇ ಹಾಲಿವುಡ್‌ಗೂ ಜಾಗ ಕೊಡಿ

ಸಂಪಾದಕರೇ,

ನಿಮ್ಮ ಸಿನಿಮಾ ಪುಟದಲ್ಲಿ ಹಾಲಿವುಡ್ ಅಂದ್ರೆ ಬರೀ ಹೊಸ ಚಿತ್ರಗಳೇ. ಮೊನ್ನೆ 1940ರ ‘ಬೂಮ್ ಟೌನ್’ ನೋಡಿದೆ. ಕಪ್ಪು ಬಿಳುಪು ಅಂತ ಮನೆಯ ಹುಡುಗರು ಹತ್ತೇ ನಿಮಿಷಕ್ಕೆ ಎದ್ದು ಹೋದರು, ನಾನು ಮಾತ್ರ ಕದಲಲಿಲ್ಲ.

ಟೆಕ್ಸಾಸ್‌ನ ಬರ್ಕ್‌ಬರ್ನೆಟ್, 1918. ಎಲ್ಲಿ ನೋಡಿದರೂ ಕೆಸರು. ರಸ್ತೆ ದಾಟಲು ಹಾಕಿದ ಹಲಗೆಯ ಮೇಲೆ ನಾಯಕ ನಟರಾದ ಕ್ಲಾರ್ಕ್ ಗೇಬಲ್, ಸ್ಪೆನ್ಸರ್ ಟ್ರೇಸಿ ಎದುರುಬದುರಾಗುತ್ತಾರೆ, ಒಬ್ಬನೂ ದಾರಿ ಬಿಡಲ್ಲ. ಚಿತ್ರದಲ್ಲಿ ಇಬ್ಬರ ಪಾತ್ರದ ಹೆಸರೂ ಜಾನ್! ಕೈಯಲ್ಲಿ ಕಾಸಿಲ್ಲದೆ ಎಣ್ಣೆ ಬಾವಿ ಕೊರೆಯಲು ಹೊರಟವರು ಒಮ್ಮೆ ಕೋಟ್ಯಧಿಪತಿ, ಇನ್ನೊಮ್ಮೆ ಬರಿಗೈ. ಟ್ರೇಸಿ ಮನಸ್ಸಿಟ್ಟ ಬೆಟ್ಸಿ (ಕ್ಲಾಡೆಟ್ ಕೋಲ್ಬರ್ಟ್ ಮಾಡಿದ ಪಾತ್ರ) ಗೇಬಲ್‌ನನ್ನು ಮದುವೆಯಾಗುತ್ತಾಳೆ, ಗೇಬಲ್ ಅವಳಿಗೆ ನೋವು ಕೊಟ್ಟಾಗ ಟ್ರೇಸಿಗೆ ತಡೆಯಲಾಗದೆ ಗೆಳೆತನವೇ ದ್ವೇಷವಾಗುತ್ತದೆ. ಇನ್ನೊಬ್ಬ ನಟಿ ಹೆಡಿ ಲಮಾರ್ ಬಂದ ಮೇಲೆ ಕತೆ ಸ್ವಲ್ಪ ಎಳೆದ ಹಾಗಾಯಿತು, ಅದು ನಿಜ.

ಗೇಬಲ್ ನಟನಾಗುವ ಮೊದಲು ಒಕ್ಲಹೋಮಾದ ಎಣ್ಣೆ ಬಾವಿಗಳಲ್ಲಿ ದುಡಿದವನು. ಅಪ್ಪನದೂ ಅದೇ ಕಸುಬು. ಬಾವಿಗೆ ಬೆಂಕಿ ಬೀಳುವ ದೃಶ್ಯ ನೋಡುವಾಗ ಇದು ನೆನಪಿದ್ದರೆ ಮಜಾ ಜಾಸ್ತಿ.

ಚಿತ್ರದ ಕೊನೆಗೆ ಕೋರ್ಟಿನಲ್ಲಿ ಗೇಬಲ್ ಪರ ಸಾಕ್ಷಿ ಹೇಳಲು ನಿಲ್ಲುವುದು ಅದೇ ಟ್ರೇಸಿ. ಕತೆ ಬಿಟ್ಟುಕೊಟ್ಟೆ, ಕ್ಷಮಿಸಿ. ವಾರಕ್ಕೊಂದು ಹಳೇ ಚಿತ್ರದ ಬಗ್ಗೆ ನಾಲ್ಕು ಸಾಲು ಹಾಕಬಹುದಲ್ವಾ?

ಇಂತಿ,
ನಿಮ್ಮ ಹಳೇ ಓದುಗ