ಸಿಕ್ಲಿಡ್ ಮೀನು ಮಾರುವವರು ಅದರ ಊಟವನ್ನೂ ತಿಳಿಸಲಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ಶಿರಸಿಯ ನಮ್ಮ ಕೇರಿಯ ಮನೆಯೊಂದರಲ್ಲಿ, ಗಾಜಿನ ತೊಟ್ಟಿಯಲ್ಲಿದ್ದ ಎಂಟು ನೀಲಿ ಪಟ್ಟೆಯ ಮೀನುಗಳ ಪೈಕಿ ಆರು ಹತ್ತು ದಿನದೊಳಗೆ ಹೊಟ್ಟೆ ಉಬ್ಬಿ ಸತ್ತವು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನೆಂಬ ಒಂದೇ ಕಾರಣಕ್ಕೆ ನನಗೆ ಕರೆ ಬಂತು. 'ಮಾಸ್ತರೇ, ಯಾರದ್ದಾದರೂ ದೃಷ್ಟಿ ತಾಗಿರಬಹುದೇ?' ಎಂದು ಮನೆಯವರು ಅರ್ಧ ತಮಾಷೆಯಾಗಿ ಕೇಳಿದರು. ವಿಚಾರಿಸಿದಾಗ, ಮೀನುಪೇಟೆಯಿಂದ ತಂದ ತಾಜಾ ಸಿಗಡಿಯನ್ನು ಸುಲಿದು, ಸಣ್ಣಗೆ ಹೆಚ್ಚಿ, ದಿನಕ್ಕೆ ಮೂರು ಸಲ ಹಾಕುತ್ತಿದ್ದರೆಂದು ತಿಳಿಯಿತು. ತಾವು ಹಬ್ಬಕ್ಕೆ ಉಣ್ಣುವುದನ್ನು ಮೀನಿಗೆ ದಿನವೂ ಬಡಿಸಿದ್ದರು. ಅವರ ಅಕ್ಕರೆಯಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಆ ಮೀನುಗಳು ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ, ಎಂಬುನಾ ಎಂದು ಕರೆಯಲಾಗುವ, ಸಿಕ್ಲಿಡ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ ಮೀನುಗಳು. ಬಂಡೆಗೆ ಅಂಟಿದ ಪಾಚಿಯನ್ನೂ ಅದರಲ್ಲಿರುವ ಸೂಕ್ಷ್ಮ ಜೀವಿಗಳನ್ನೂ ಇಡೀ ದಿನ ಕೆರೆದು ತಿನ್ನುವ ಇವುಗಳ ಕರುಳು ಬಹಳ ಉದ್ದವಾಗಿದ್ದು, ಮಾಂಸದ ಆಹಾರವನ್ನು ಮೇಲಿಂದ ಮೇಲೆ ಜೀರ್ಣಿಸಿಕೊಳ್ಳುವುದಕ್ಕೆ ಹೇಳಿಮಾಡಿಸಿದ್ದಲ್ಲ. ತಪ್ಪು ಆಹಾರ, ಹೊಲಸಾದ ನೀರು, ಇಕ್ಕಟ್ಟಿನ ತೊಟ್ಟಿಯಲ್ಲಿ ಒಂದನ್ನೊಂದು ಅಟ್ಟಾಡಿಸುವ ಒತ್ತಡ, ಇವೆಲ್ಲ ಕೂಡಿದಾಗ ಹೊಟ್ಟೆ ಉಬ್ಬುವ ಕಾಯಿಲೆ ಬರುತ್ತದೆ. ಮೀನು ಮೊದಲು ಆಹಾರ ಬಿಡುತ್ತದೆ, ಆಮೇಲೆ ಊದುತ್ತದೆ, ಊದಿದ ಮೇಲೆ ಉಳಿಯುವುದು ಅಪರೂಪ. ಸ್ಪಿರುಲಿನಾ ಪಾಚಿ ಬೆರೆಸಿದ ಪೆಲೆಟ್ (ಗುಳಿಗೆಯಂಥ ಒಣ ಆಹಾರ), ಬಿಸಿನೀರಿನಲ್ಲಿ ಬಾಡಿಸಿದ ಪಾಲಕ್ ಎಲೆ, ಸಿಪ್ಪೆ ತೆಗೆದ ಹಸಿ ಬಟಾಣಿ, ಸೌತೆಕಾಯಿಯ ಹೋಳು ಅವಕ್ಕೆ ಒಗ್ಗುತ್ತವೆ. ಇದನ್ನು ಮಾರಿದವರು ಹೇಳಿರಲಿಲ್ಲ, ಕೊಂಡವರು ಕೇಳಿರಲಿಲ್ಲ.

ಹಾಗೆಂದು ಸಿಕ್ಲಿಡ್‌ಗಳೆಲ್ಲ ಸೊಪ್ಪು ತಿನ್ನುವವು ಎಂದುಕೊಂಡರೆ ಇನ್ನೊಂದು ಕಡೆಯಿಂದ ಎಡವಿದಂತಾಗುತ್ತದೆ. ಏಂಜಲ್, ಡಿಸ್ಕಸ್, ಆಸ್ಕರ್, ತಿಲಾಪಿಯಾ, ಮನೆಗೆ ಅದೃಷ್ಟ ತರುತ್ತದೆಂದು ದುಬಾರಿ ಬೆಲೆಗೆ ಮಾರುವ ಫ್ಲವರ್‌ಹಾರ್ನ್, ಎಲ್ಲವೂ ಒಂದೇ ಕುಟುಂಬದವು. ಊಟ ಮಾತ್ರ ಒಂದೇ ಅಲ್ಲ. ದಕ್ಷಿಣ ಅಮೆರಿಕದ ಆಸ್ಕರ್ ಕೀಟ, ಸಿಗಡಿ, ಸಣ್ಣ ಮೀನು ತಿನ್ನುವ ಜಾತಿ. ಆದರೆ ಅದಕ್ಕೆಂದು ಅಂಗಡಿಯ ಅಗ್ಗದ ಗೋಲ್ಡ್‌ಫಿಶ್‌ಗಳನ್ನು ಜೀವಂತವಾಗಿ ಹಾಕುವುದು ಒಳ್ಳೆಯ ರೂಢಿಯಲ್ಲ. ಆ ಮೀನುಗಳ ಜೊತೆ ರೋಗಾಣುಗಳೂ ಬರುತ್ತವೆ, ಅದೇ ಆಹಾರ ದಿನವೂ ಆದರೆ ಬಿ1 ಜೀವಸತ್ವದ ಕೊರತೆಯೂ ಆಗುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲು ತಪ್ಪು ಮಾಡಿ ಕಲಿತೆ. ಮೊಮ್ಮಗನಿಗಾಗಿ ತಂದ ಎರಡು ಬೆರಳು ಉದ್ದದ ಆಸ್ಕರ್ ಒಂದು ವರ್ಷದಲ್ಲಿ ನನ್ನ ಅಂಗೈಯನ್ನು ಮೀರಿ ಬೆಳೆಯಿತು. ಅದರ ತಲೆಯ ಮೇಲೆ ಸಣ್ಣ ಗುಳಿಗಳು ಬಿದ್ದವು. ನೀರನ್ನು ಸರಿಯಾಗಿ ಬದಲಿಸದೆ, ಒಂದೇ ಬಗೆಯ ಆಹಾರ ಹಾಕಿದ್ದಕ್ಕೆ ಸಿಕ್ಕ ಫಲವದು. ಆಸ್ಕರ್ 30 ಸೆಂಟಿಮೀಟರ್ ತನಕ ಬೆಳೆಯುತ್ತದೆ, ಹತ್ತು ವರ್ಷ ಬದುಕುತ್ತದೆ, ಒಂದೇ ಮೀನಿಗೂ 200 ಲೀಟರಿಗಿಂತ ದೊಡ್ಡ ತೊಟ್ಟಿ ಬೇಕು ಎಂದು ಯಾರಾದರೂ ಆ ದಿನ ಹೇಳಿದ್ದರೆ ನಾನು ಗಪ್ಪಿಯಂಥ ಪುಟ್ಟ ಮೀನು ತಂದು ಸುಮ್ಮನಿರುತ್ತಿದ್ದೆ.

ಆಹಾರದ ಪ್ರಮಾಣದ ವಿಷಯದಲ್ಲಿ ನಮ್ಮವರ ಕೈ ಬಲು ಉದಾರ. ಮನೆಗೆ ಬಂದ ನೆಂಟರ ಮಕ್ಕಳೆಲ್ಲ ಒಂದೊಂದು ಚಿಟಿಕೆ ಹಾಕುತ್ತಾರೆ. ಅನ್ನದ ಅಗುಳು, ಚಪಾತಿಯ ಚೂರು, ಮಂಡಕ್ಕಿ ಕೂಡ ಬೀಳುತ್ತವೆ. ಬೆಳೆದ ಮೀನಿಗೆ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ವಾರಕ್ಕೊಂದು ದಿನ ಉಪವಾಸವಿದ್ದರೆ ಒಳ್ಳೆಯದೇ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಮೀನು ತಾನೂ ಕಿವಿರುಗಳ ಮೂಲಕ ಅಮೋನಿಯಾವನ್ನೇ ಹೊರಬಿಡುತ್ತದೆ. ಇದನ್ನು ಮೊದಲು ನೈಟ್ರೈಟ್ ಆಗಿ, ನಂತರ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಗೆ ನೀರು ತುಂಬಿದ ಸಂಜೆಯೇ ಹತ್ತು ಮೀನು ಬಿಟ್ಟು, ಮರುವಾರ ಸ್ಪಂಜನ್ನು ನಲ್ಲಿ ನೀರಿನಲ್ಲಿ ಬಿಳಿಯಾಗುವಂತೆ ತೊಳೆದರೆ ಆ ಬ್ಯಾಕ್ಟೀರಿಯಾವನ್ನು ನಾವೇ ಕೊಂದಂತೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಹೊಸದಾಗಿ ಹಾಕುವ ನಗರಸಭೆಯ ನೀರನ್ನು ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಬೇಕು.

ನಮ್ಮ ಜಿಲ್ಲೆಯ ನೀರಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾದ್ದಿದೆ. ಚಿರೇಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಸುಣ್ಣದ ಅಂಶ ಕಡಿಮೆಯಿರುವ ಮೆದು ನೀರು, ತುಸು ಆಮ್ಲೀಯ. ಅಮೆಜಾನ್ ಕಡೆಯ ಏಂಜಲ್‌ಗೂ ಡಿಸ್ಕಸ್‌ಗೂ ಇದು ತವರಿನ ನೀರಿನಂತೆ. ಮಲಾವಿಯ ಮೀನುಗಳಿಗೆ ಮಾತ್ರ ಗಡಸು, ಕ್ಷಾರೀಯ ನೀರೇ ಬೇಕು. ಅದಕ್ಕೆ ಪೇಟೆಯ ಪುಡಿಗಳನ್ನು ಕೊಳ್ಳಬೇಕಾಗಿಲ್ಲ. ಕುಮಟಾ ಕಡೆ ಯಥೇಚ್ಛವಾಗಿ ಸಿಗುವ ಬಳಚಿನ ಚಿಪ್ಪನ್ನು ಚೆನ್ನಾಗಿ ತೊಳೆದು, ಕುದಿಸಿ, ಪುಡಿಗುಟ್ಟಿ ಫಿಲ್ಟರಿನಲ್ಲಿಟ್ಟರೆ ನೀರು ನಿಧಾನವಾಗಿ ಗಡಸಾಗುತ್ತದೆ. ಆದರೆ ಕ್ಷಾರೀಯ ನೀರಿನಲ್ಲಿ ಅಮೋನಿಯಾದ ವಿಷ ಹೆಚ್ಚು ತೀವ್ರವಾಗುವುದರಿಂದ ಇಂಥ ತೊಟ್ಟಿಗೆ ಆಹಾರ ಹಾಕುವ ಕೈ ಇನ್ನಷ್ಟು ಬಿಗಿಯಾಗಿರಬೇಕು.

ಮಳೆಗಾಲದ ತೇವ ಮೀನಿನ ಆಹಾರವನ್ನೂ ಬಿಡುವುದಿಲ್ಲ. ಜೂನ್‌ನಲ್ಲಿ ತೆರೆದ ದೊಡ್ಡ ಪ್ಯಾಕೆಟ್ಟಿನ ಪೆಲೆಟ್ ಆಗಸ್ಟ್ ಹೊತ್ತಿಗೆ ಬೂಸ್ಟು ಹಿಡಿದಿರುತ್ತದೆ, ಕಣ್ಣಿಗೆ ಕಾಣದಿದ್ದರೂ ಮುಗ್ಗುಲು ವಾಸನೆ ಹೇಳುತ್ತದೆ. ಹಪ್ಪಳ ಇಡುವ ಬಿಗಿ ಮುಚ್ಚಳದ ಡಬ್ಬಿಯಲ್ಲೇ ಇದನ್ನೂ ಇಡಬೇಕು, ಸಣ್ಣ ಪ್ಯಾಕೆಟ್ಟನ್ನೇ ಕೊಳ್ಳಬೇಕು. ಮರ ಬಿದ್ದು ಎರಡು ದಿನ ಕರೆಂಟು ಹೋಗುವುದು ನಮ್ಮಲ್ಲಿ ಹೊಸತಲ್ಲ. ಅಷ್ಟು ಹೊತ್ತು ಆಹಾರವನ್ನು ಪೂರ್ತಿ ನಿಲ್ಲಿಸಿ, ಬ್ಯಾಟರಿಯ ಏರ್ ಪಂಪ್ ಹಚ್ಚಿದರೆ ಮೀನು ಉಳಿಯುತ್ತದೆ. ಆರೋಗ್ಯದಿಂದಿರುವ ಬೆಳೆದ ಮೀನು ನಾಲ್ಕೈದು ದಿನ ಉಪವಾಸವಿದ್ದರೂ ಏನೂ ಆಗುವುದಿಲ್ಲ.

ತೊಟ್ಟಿಯ ಬದಲು ಹೊಂಡದಲ್ಲಿ ಮೀನು ಸಾಕುವ ವಿಷಯಕ್ಕೆ ಬಂದರೆ, ನಮ್ಮದೇ ಆದ ಸಿಕ್ಲಿಡ್ ಇದೆಯೆಂಬುದು ಬಹಳ ಜನರಿಗೆ ಗೊತ್ತಿಲ್ಲ. ಕೇರಳದವರು ಕರಿಮೀನ್ ಎಂದು ಕರೆದು 2010ರಲ್ಲಿ ರಾಜ್ಯದ ಮೀನೆಂದು ಘೋಷಿಸಿದ, ಕಾರವಾರದ ಕೊಂಕಣಿ ಮಾತಾಡುವವರು ಕಲುಂದರ್ ಎನ್ನುವ ಮೀನು ಸಿಕ್ಲಿಡ್ ಕುಟುಂಬದ್ದೇ. ಕನ್ನಡ ಜಿಲ್ಲೆಗಳ ಹೆಸರನ್ನೇ ಹೊತ್ತ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಇನ್ನೊಂದು ಜಾತಿ ದಕ್ಷಿಣ ಕನ್ನಡದ ನದಿಗಳಲ್ಲಿದೆ. ಅದೀಗ ಅಪಾಯದಂಚಿನ ಪಟ್ಟಿಯಲ್ಲಿದೆ. ನನ್ನ ಹೆಂಡತಿಯ ತವರು ಕುಮಟಾ ತಾಲ್ಲೂಕಿನಲ್ಲಿ, ಉಪ್ಪುನೀರು ನುಗ್ಗುವ ಗಜನಿ ಎಂಬ ಗದ್ದೆ ಬಯಲಿನ ಅಂಚಿನಲ್ಲಿರುವುದರಿಂದ, ಕಗ್ಗ ಭತ್ತದ ಗದ್ದೆಯ ಉಪ್ಪುನೀರಿನಲ್ಲಿ ಕಲುಂದರ್ ಜೋಡಿಗಳು ಮರಿ ಕಾಯುವುದನ್ನು ನಾನು ನೋಡಿದ್ದೇನೆ. ಕಲ್ಲಿಗೋ ಮುಳುಗಿದ ಕಟ್ಟಿಗೆಗೋ ಮೊಟ್ಟೆ ಅಂಟಿಸಿ, ಗಂಡು ಹೆಣ್ಣು ಎರಡೂ ಸರದಿಯಂತೆ ರೆಕ್ಕೆ ಬೀಸಿ ನೀರಾಡಿಸುತ್ತವೆ. ಮೊಟ್ಟೆಯೊಡೆದ ಮರಿಗಳನ್ನು ತಳದಲ್ಲಿ ತೋಡಿದ ಗುಳಿಗೆ ಸಾಗಿಸುತ್ತವೆ. ಈ ಮೀನು ಸಿಹಿನೀರಿಗೂ ಹೊಂದಿಕೊಳ್ಳುವುದರಿಂದ ಕೃಷಿ ಹೊಂಡದಲ್ಲಿ ಸಾಕಬಯಸುವವರು ನಾಲ್ಕು ಚಿರೇಕಲ್ಲು, ಒಂದೆರಡು ತೆಂಗಿನ ಗರಿ ಮುಳುಗಿಸಿಟ್ಟರೆ ಅದಕ್ಕೆ ಬಾಣಂತಿಕೋಣೆ ಸಿಕ್ಕಿದಂತೆ. ಅದರ ಮುಖ್ಯ ಆಹಾರ ನೂಲಿನಂಥ ಪಾಚಿ. ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯನ್ನು ಸಮಭಾಗವಾಗಿ ಕಲಸಿ ಉಂಡೆ ಮಾಡಿ, ತೂಗುಬಿಟ್ಟ ಬುಟ್ಟಿಯಲ್ಲಿ ದಿನವೂ ಒಂದೇ ಹೊತ್ತಿಗೆ ಕೊಡಬಹುದು. ಮರುದಿನ ಬುಟ್ಟಿಯಲ್ಲಿ ಉಳಿದಿದ್ದರೆ ಅಷ್ಟು ಕಡಿಮೆ ಮಾಡಬೇಕು. ಮೋಡ ಕವಿದ ದಿನಗಳಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹಸಿವಲ್ಲ, ನೀರಿನಲ್ಲಿ ಆಮ್ಲಜನಕ ಇಳಿದಿದೆ. ಆಗ ಹಿಂಡಿ ಹಾಕಿದರೆ ಇನ್ನೂ ಕೆಡುತ್ತದೆ.

ಅಡಿಕೆ ತೋಟದ ಮಧ್ಯೆ ಹೊಂಡವಿರುವವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ ಇರುತ್ತದೆ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ನಮ್ಮಂಥ ಮೆದು ನೀರಿನಲ್ಲಂತೂ ಇನ್ನಷ್ಟು. ಔಷಧಿ ಕಲಸಿದ ಡ್ರಮ್ಮನ್ನು ಹೊಂಡದ ದಂಡೆಯಲ್ಲಿ ತೊಳೆದು, ಮೀನು ಸತ್ತ ಮೇಲೆ ಆಹಾರದ ಕಂಪನಿಯನ್ನು ಬೈದವರನ್ನು ನಾನು ಬಲ್ಲೆ.

ಇನ್ನು ನನ್ನ ನಿಜವಾದ ಆತಂಕ. ಸಾಕಲು ಕೈಲಾಗದ ಮೀನನ್ನು, ಕೊಲ್ಲಲು ಮನಸ್ಸು ಬಾರದೆ, ಹತ್ತಿರದ ಕೆರೆಗೋ ಹಳ್ಳಕ್ಕೋ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ತಿಳಿಯುವವರಿದ್ದಾರೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ತದಡಿಯಲ್ಲಿ ಕಡಲು ಸೇರುತ್ತದೆ. ಅದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದೆ. ಇಲ್ಲಿನ ಹಳ್ಳಕ್ಕೆ ಬಿಟ್ಟದ್ದು ಅಲ್ಲಿಗೆ ಇಳಿಯಲು ಒಂದು ದೊಡ್ಡ ಮಳೆ ಸಾಕು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಹೀಗೆಯೇ ಕೆರೆ, ಹಿನ್ನೀರುಗಳಿಗೆ ಹರಡಿ, ಮರಿಗಳನ್ನು ಬಾಯಲ್ಲಿಟ್ಟು ಕಾಯುತ್ತ ಬೆಳೆದು, ನಮ್ಮ ಕಲುಂದರ್ ತಿನ್ನುವ ಪಾಚಿಗೇ ಬಾಯಿ ಹಾಕಿದೆ. ಉಕ್ಕಿ ಹರಿಯುವ ತೋಟದ ಹೊಂಡಕ್ಕೆ ಇಂಥ ಮೀನು ಹಾಕುವುದೂ ಹಳ್ಳಕ್ಕೆ ಬಿಟ್ಟಂತೆಯೇ ಸರಿ.

ಆದ್ದರಿಂದ ಅಲಂಕಾರಿಕ ಮೀನು ಮಾರುವವರಲ್ಲಿ ನನ್ನ ವಿನಂತಿಯಿಷ್ಟು. ಪ್ರತಿ ಸಿಕ್ಲಿಡ್‌ನ ತೊಟ್ಟಿಗೆ, ಬೆಲೆ ಬರೆದ ಚೀಟಿಯ ಪಕ್ಕದಲ್ಲೇ, ಅದು ಬೆಳೆಯುವ ಗಾತ್ರ, ತಿನ್ನುವ ಆಹಾರ, ಬೇಕಾದ ನೀರು ಇವನ್ನು ಕನ್ನಡದಲ್ಲಿ ಬರೆದು ಅಂಟಿಸಲಿ. ಮೀನುಗಾರಿಕೆ ಇಲಾಖೆ ಒಂದು ಪುಟದ ಕರಪತ್ರ ಅಚ್ಚು ಹಾಕಿಸಿ ಅಂಗಡಿಗಳಿಗೆ ಕೊಟ್ಟರೆ ಈ ಕೆಲಸ ಸುಲಭವಾದೀತು. ಜೊತೆಗೆ, ಬೇಡವಾದ ಮೀನನ್ನು ಮರಳಿ ಪಡೆಯುವುದಕ್ಕೆ ಅಂಗಡಿಯವರು ಒಂದು ತೊಟ್ಟಿಯನ್ನು ಮೀಸಲಿಡಬೇಕು. ನನ್ನ ಆಸ್ಕರ್ ಅನ್ನು ಮರಳಿ ಕೊಡಲು ಹೋದಾಗ ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ದೊಡ್ಡ ತೊಟ್ಟಿಯಿರುವ ಪರಿಚಯದವರೊಬ್ಬರು ಒಯ್ದರು. ಪರಿಚಯವಿಲ್ಲದವರು ಅದೇ ಬಕೆಟ್ ಹಿಡಿದು ಹಳ್ಳದ ಕಡೆ ನಡೆದರೆ ಅವರನ್ನು ದೂರುವುದು ಹೇಗೆ?

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ, ಶಿರಸಿ