ತಟ್ಟಿ ತಟ್ಟಿ ತೆಳುವಾದ ಕೈ

ಪ್ರೀತಿಯ ತಂಗಿ,

ನಿನ್ನ ಪದ್ಯವನ್ನು ಮೂರು ಸಲ ಓದಿದೆ. ಎರಡು ಸಲ ಮನಸ್ಸಿನಲ್ಲೇ, ಒಂದು ಸಲ ಬಾಯಿಬಿಟ್ಟು. ಬಾಯಿಬಿಟ್ಟು ಓದಿದಾಗಲೇ ಅದರ ಜೀವ ಎಲ್ಲಿದೆ ಅಂತ ಗೊತ್ತಾಯಿತು.

ಶುರುವಿನಲ್ಲೇ ‘ಅಮ್ಮನ ಕೈ ತಾವರೆಯಂತೆ ಕೋಮಲ’ ಅಂದಿದ್ದೀಯ. ದಿನಾ ಜೋಳದ ರೊಟ್ಟಿ ಬಡಿಯುವ ಕೈ ಕೋಮಲ ಹೇಗಾಗುತ್ತೆ? ಆ ತಾವರೆ ನಿಮ್ಮ ಮನೆಯದಲ್ಲ, ಪಠ್ಯಪುಸ್ತಕದ್ದು. ಆದರೆ ಐದನೇ ಸಾಲು ನೋಡು: ‘ತಟ್ಟಿ ತಟ್ಟಿ ತೆಳುವಾದ ಕೈ’. ಅಲ್ಲಿ ನಾನು ನಿಂತುಬಿಟ್ಟೆ. ತಟ್ಟಿದರೆ ತೆಳುವಾಗಬೇಕಾದ್ದು ರೊಟ್ಟಿ, ಅಲ್ವಾ? ರೊಟ್ಟಿಗೆ ಆಗಬೇಕಾದ್ದು ಅಮ್ಮನಿಗೇ ಆಗಿದೆ. ‘ಅಂತೆ’, ‘ಹಾಗೆ’ ಯಾವುದೂ ಇಲ್ಲದೆ ಹೋಲಿಕೆ ಬಂದು ಕೂತಿದೆ. ಆ ತಕಾರ, ಟಕಾರಗಳು ರೊಟ್ಟಿ ತಟ್ಟುವ ಕೊಣಮಿಗೆಯ ಮುಂದೆ ಕೂತವರ ಕೈಸದ್ದನ್ನೇ ಮಾಡುತ್ತವೆ. ಇಲ್ಲಿ ಅನುಪ್ರಾಸವನ್ನು, ಅಂದರೆ ಒಂದೇ ವ್ಯಂಜನ ಮತ್ತೆ ಮತ್ತೆ ಬರೋದನ್ನು, ತೆಗೆದರೆ ಅರ್ಥವೂ ಹೋಗುತ್ತೆ.

ಬಸವಣ್ಣನವರ ಸಾಲು ನಿನಗೆ ಬಾಯಿಪಾಠ ಇರಬೇಕು: ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ’. ಒಮ್ಮೆ ‘ಕಾಲು ಕಂಬದಂತೆ’ ಅಂತ ಬದಲಾಯಿಸಿ ಹೇಳು. ಅದು ಉಪಮೆ. ಹೋಲಿಕೆ ಇರುತ್ತೆ, ಗುಡಿ ಮಾತ್ರ ಏಳುವುದಿಲ್ಲ. ಹಿಂದಿನ ಸಾಲಿನಲ್ಲಿ ‘ನಾನೇನ ಮಾಡಲಿ ಬಡವನಯ್ಯಾ’ ಅಂದವನು ಆ ‘ಏ’ ಒಂದರಿಂದಲೇ ಗುಡಿ ಕಟ್ಟಿ ಮುಗಿಸುತ್ತಾನೆ. ಕಿವಿಗೊಟ್ಟು ಕೇಳು. ಕಾಲಿನ ಕಕಾರ ಕಂಬಕ್ಕೆ ತಾಗುತ್ತೆ. ದೇಹದ ‘ದೇ’ ದೇಗುಲಕ್ಕೆ ತಾಗುತ್ತೆ. ಶಿರಕ್ಕೆ ಬಂದಾಗ ಜೋಡಿ ತಕ್ಷಣ ಸಿಗುವುದಿಲ್ಲ. ‘ಹೊನ್ನ’ ಅಡ್ಡ ಬರುತ್ತೆ, ಸಾಲು ಉದ್ದವಾಗುತ್ತೆ, ಆ ‘ಶ’ ಕಳಶದ ಕೊನೆಗೆ ಹೋಗಿ ಸಿಗುತ್ತೆ. ತಲೆಯೆತ್ತಿ ಗುಡಿಯ ತುದಿ ನೋಡೋದಕ್ಕೂ ಅಷ್ಟು ಹೊತ್ತು ಬೇಕಲ್ಲ!

ಪ್ರಾಸ ಬೇಕೋ ಬೇಡವೋ ಅಂತ ಕೇಳಿದ್ದೀಯ. ಹಳೆಯ ಕಾವ್ಯದಲ್ಲಿ ಪದ್ಯದ ಪ್ರತಿ ಪಾದದ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕಿತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು. ನಾನು ಚಿಕ್ಕವನಿದ್ದಾಗ ‘ಕೆರೆ’ಗೆ ಪ್ರಾಸ ಬೇಕು ಅಂತ ಬತ್ತಿದ ಕೆರೆಯ ಪದ್ಯದಲ್ಲಿ ‘ನೊರೆ’ ತಂದಿದ್ದೆ. ಬತ್ತಿದ ಕೆರೆಯಲ್ಲಿ ನೊರೆ ಇರುವುದಿಲ್ಲ. ಆ ಸುಳ್ಳು ಈಗಲೂ ಚುಚ್ಚುತ್ತೆ. ಆದರೆ ‘ಕೈ ಕೆಸರಾದರೆ ಬಾಯಿ ಮೊಸರು’ ಅನ್ನುವಾಗ ಅದೇ ಎರಡನೇ ಅಕ್ಷರದ ಸಕಾರ ಎಷ್ಟು ಸಲೀಸಾಗಿ ಬರುತ್ತೆ ನೋಡು. ಹೊಲದ ಕೆಸರನ್ನೂ ಗಡಿಗೆಯ ಮೊಸರನ್ನೂ ಅದೇ ಹೊಂದಿಸಿಕೊಟ್ಟಿದೆ. ಹೀಗೆ ಬಂದರೆ ಇಟ್ಟುಕೋ.

ಸದ್ದಿನ ಪದಗಳನ್ನೂ ಸುಮ್ನೆ ಹಾಕಬೇಡ. ಜಿಟಿಜಿಟಿ ಮಳೆ ಬೇರೆ, ಧೋ ಅಂತ ಸುರಿಯುವ ಮಳೆ ಬೇರೆ. ನಿನ್ನ ಪದ್ಯದಲ್ಲಿ ಎರಡೂ ಒಂದೇ ರಾತ್ರಿ ಸುರಿದಿವೆ. ಆವತ್ತು ಬಂದದ್ದು ಯಾವುದು ಅಂತ ನೆನಪು ಮಾಡಿಕೋ.

ತಾವರೆಯ ಸಾಲು ತೆಗೆದು, ಐದನೇ ಸಾಲಿನಿಂದಲೇ ಶುರು ಮಾಡಿ ಇನ್ನೊಮ್ಮೆ ಬರೆದು ಕಳಿಸು. ಹಂಚಿನ ಮೇಲೆ ರೊಟ್ಟಿ ಉಬ್ಬಿ ಆವಿ ಬಿಡುತ್ತಲ್ಲ, ಆ ಸದ್ದಿಗೆ ನಿಮ್ಮ ಅಮ್ಮ ಏನಂತಾರೆ? ಕೇಳಿ ಅದನ್ನೂ ಬರೆ.

ನಿನ್ನ ಅಣ್ಣ